ಭಾವನೆ ಇಲ್ಲದ ಮಕ್ಕಳಲ್ಲ

ಮಾನ್ಯ ಸಂಪಾದಕರೇ,

‘ಆಟಿಸಂ ಇರುವ ಮಕ್ಕಳಿಗೆ ಭಾವನೆಗಳೇ ಇರುವುದಿಲ್ಲ’ ಎಂಬ ಮಾತು ಬರಹಗಳಲ್ಲೂ ಭಾಷಣಗಳಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆಧಾರವೆಂದು ಹಲವರು ಎತ್ತಿ ತೋರಿಸುವುದು ಮನಶ್ಶಾಸ್ತ್ರಜ್ಞೆ ಊಟಾ ಫ್ರಿತ್ ಅವರು ಸೈಮನ್ ಬ್ಯಾರನ್-ಕೋಹೆನ್ ಮತ್ತು ಅಲನ್ ಲೆಸ್ಲಿ ಜೊತೆಗೂಡಿ 1985ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಆ ಪ್ರಯೋಗ ಹಾಗೆ ಹೇಳಿಯೇ ಇಲ್ಲ.

ಅದು ಎರಡು ಗೊಂಬೆಗಳ ಆಟ. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಆನ್ ಅದನ್ನು ತೆಗೆದು ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾಳೆ. ಮರಳಿ ಬಂದ ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಅವಳಿಗೆ ಗೊತ್ತಿರುವುದು ಬುಟ್ಟಿಯಷ್ಟೇ, ಹಾಗಾಗಿ ಸರಿಯುತ್ತರ ಬುಟ್ಟಿ. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ, ಗೋಲಿ ನಿಜವಾಗಿ ಇದ್ದ ಜಾಗವನ್ನೇ ತೋರಿಸಿದರು. ಸ್ಯಾಲಿಯ ತಲೆಯಲ್ಲಿ ಏನಿದೆ ಎಂಬ ಊಹೆಗಷ್ಟೇ ಅಲ್ಲಿ ಪರೀಕ್ಷೆ. ಸ್ಯಾಲಿ ಅತ್ತರೆ ಮಗುವಿಗೆ ಏನನ್ನಿಸುತ್ತದೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಆ ಊಹೆಯೂ ಭಾಷೆಯ ಜೊತೆ ತಳಕು ಹಾಕಿಕೊಂಡಿದೆ: ಸಾಮಾನ್ಯವಾಗಿ 4 ವರ್ಷದ ಆಸುಪಾಸಿನಲ್ಲಿ ಮಕ್ಕಳು ದಾಟುವ ಈ ಪರೀಕ್ಷೆಯನ್ನು ದಾಟಲು, ಆಟಿಸಂ ಇರುವವರಿಗೆ ಸುಮಾರು 9 ವರ್ಷದವರಷ್ಟು ಭಾಷೆ ಬೇಕಾಗುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಫ್ರಾನ್ಸೆಸ್ಕಾ ಹ್ಯಾಪೆ 1995ರಲ್ಲಿ ತೋರಿಸಿದರು.

ಒಂದು ಕಾಲದಲ್ಲಿ ತಾಯಂದಿರ ‘ತಣ್ಣನೆಯ ಮನಸ್ಸೇ’ ಆಟಿಸಂಗೆ ಕಾರಣ ಎಂದು ದೂರಲಾಗುತ್ತಿತ್ತು. ಆ ಆರೋಪ ಸುಳ್ಳಾಯಿತು. ಈಗ ಅದೇ ಆರೋಪವನ್ನು ಮಕ್ಕಳ ಮೇಲೆ ಹೊರಿಸುತ್ತಿರುವುದು ನೋವಿನ ಸಂಗತಿ.

ಭಾವನೆಯ ವಿಷಯದಲ್ಲಿ ತಿಳಿಯಬೇಕಾದ ಇನ್ನೊಂದು ಪದ ಅಲೆಕ್ಸಿಥೈಮಿಯಾ. ಒಳಗೆ ಏನೋ ಆಗುತ್ತಿದೆ, ಅದು ಭಯವೋ ಸಿಟ್ಟೋ ಹಸಿವೋ ಗೊತ್ತಾಗುವುದಿಲ್ಲ, ಹೆಸರಿಡಲು ಬರುವುದಿಲ್ಲ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ತೊಡಕು ಇದೆ, ಎಲ್ಲರಿಗೂ ಅಲ್ಲ. ಬೇರೆಯವರ ಮುಖಭಾವ ಗುರುತಿಸುವ ಕಷ್ಟಕ್ಕೂ ಬಹುಪಾಲು ಇದೇ ಕಾರಣ, ಆಟಿಸಂ ಅಲ್ಲ ಎಂಬುದು ಮನಶ್ಶಾಸ್ತ್ರಜ್ಞ ಜೆಫ್ ಬರ್ಡ್ ಮತ್ತು ಸಂಗಡಿಗರ ಸಂಶೋಧನೆಯ ಸಾರ.

ಹಾಗಾಗಿ ನಗುಮುಖ, ಅಳುಮುಖದ ಫ್ಲ್ಯಾಶ್‌ಕಾರ್ಡ್‌ಗಳಿಂದ ಪಾಠ ಶುರುಮಾಡುವುದು ತಲೆಕೆಳಗಾದ ಕ್ರಮ. ‘ತುಟಿ ಮೇಲಕ್ಕಿದ್ದರೆ ಸಂತೋಷ’ ಎಂದು ಮಗು ಬಾಯಿಪಾಠ ಮಾಡುತ್ತದೆ, ಮುಜುಗರಕ್ಕೆ ನಕ್ಕವರನ್ನೂ ಸಂತೋಷದ ಲೆಕ್ಕಕ್ಕೆ ಸೇರಿಸುತ್ತದೆ. ಮೊದಲು ಮಗುವಿನ ದೇಹದಿಂದಲೇ ಆರಂಭಿಸಿ. ‘ನಿನಗೆ ಕೋಪ ಬಂದಿದೆ’ ಎಂದು ತೀರ್ಪು ಕೊಡುವ ಬದಲು ‘ಮುಷ್ಟಿ ಬಿಗಿಯಾಗಿದೆ, ಉಸಿರು ಜೋರಾಗಿದೆ’ ಎನ್ನಿ. ನಿಮ್ಮ ಊಹೆ ತಪ್ಪಿದರೆ ಮಗು ತಪ್ಪು ಹೆಸರನ್ನೇ ಕಲಿಯುತ್ತದೆ, ಕಣ್ಣಿಗೆ ಕಂಡದ್ದನ್ನು ಹೇಳಿದರೆ ಆ ಅಪಾಯವಿಲ್ಲ. ಒಂದೇ ಚಿಕ್ಕ ವಾಕ್ಯ ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಕಾಯಿರಿ. ಉತ್ತರ ಬರಲಿಲ್ಲವೆಂದು ನಡುವೆ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದರೆ ಮಗು ಮೊದಲಿನಿಂದ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಒತ್ತಾಯಿಸುವುದು ಬೇಡ.

ದೇಹಕ್ಕೆ ಏನನ್ನಿಸುತ್ತಿದೆ ಎಂದು ಹೇಳಲು ‘ಹಗುರ’, ‘ಬಿಗಿ’ ಎಂಬ ಎರಡು ಹಂತ ಮೊದಲಿಗೆ ಸಾಕು. ಅವು ಕೈವಶವಾದ ಮೇಲೆ ನಡುವಿನ ಹಂತಗಳನ್ನು ಸೇರಿಸಬಹುದು. ಇವನ್ನು ಕಲಿಸಬೇಕಾದದ್ದು ಮಗು ಶಾಂತವಾಗಿರುವಾಗ. ಸಿಟ್ಟು ನೆತ್ತಿಗೇರಿದ ಮೇಲೆ ಈ ಹಂತಗಳ ಚಾರ್ಟ್ ಹಿಡಿದು ನಿಂತರೆ ಆ ಚಾರ್ಟ್ ಕಂಡರೇ ಮಗುವಿಗೆ ಆಗದಂತಾಗುತ್ತದೆ.

ರಚ್ಚೆಗೂ ಮೆಲ್ಟ್‌ಡೌನ್‌ಗೂ ವ್ಯತ್ಯಾಸವಿದೆ. ಎರಡನೆಯದು, ಎಲ್ಲವೂ ತಡೆಯಲಾರದಷ್ಟಾಗಿ ಮಗುವಿನ ಹಿಡಿತವೇ ತಪ್ಪುವ ಸ್ಥಿತಿ. ಬೇಡಿದ್ದು ಕೈಗೆ ಬಂದರೆ ರಚ್ಚೆ ಸಾಮಾನ್ಯವಾಗಿ ನಿಲ್ಲುತ್ತದೆ, ಮೆಲ್ಟ್‌ಡೌನ್ ನಿಲ್ಲುವುದಿಲ್ಲ. ಆಗ ಮಾತು, ಬೆಳಕು, ಸದ್ದು, ಸುತ್ತ ನಿಂತವರ ಸಂಖ್ಯೆ ಎಲ್ಲವನ್ನೂ ಕಡಿಮೆ ಮಾಡಿ. ಪೆಟ್ಟಾಗುವ ವಸ್ತು ಹತ್ತಿರವಿದ್ದರೆ ತೆಗೆಯಿರಿ. ಬುದ್ಧಿಮಾತು, ಕ್ಷಮೆ ಕೇಳಿಸುವುದು ಏನಿದ್ದರೂ ಮಗು ಪೂರ್ತಿ ತಣ್ಣಗಾದ ಮೇಲೆ.

ಪಕ್ಕದ ಮಗು ಅಳುವಾಗ ಕಿವಿ ಮುಚ್ಚಿ ಓಡುವ ಮಗುವನ್ನು ಕಂಡು ‘ಇದಕ್ಕೆ ಕರುಣೆಯೇ ಇಲ್ಲ’ ಎನ್ನುವವರಿದ್ದಾರೆ. ಆ ಸದ್ದು, ಆ ಸಂಕಟ ತಡೆಯಲಾರದಷ್ಟಾಗಿದ್ದಕ್ಕೇ ಅದು ಓಡಿರಬಹುದು. ಮೊದಲು ಅದನ್ನು ಸದ್ದಿಲ್ಲದ ಕಡೆ ಕೂರಿಸಿ. ಸುಧಾರಿಸಿಕೊಂಡ ಮೇಲೆ ‘ಹೋಗಿ ಸಮಾಧಾನ ಮಾಡು’ ಎಂಬ, ಏನು ಮಾಡಬೇಕೆಂದು ಸ್ಪಷ್ಟವಾಗದ ಮಾತಿನ ಬದಲು ‘ಈ ನೀರನ್ನು ಅವನ ಪಕ್ಕದಲ್ಲಿಟ್ಟು ಬಾ’ ಎಂದು ಹೇಳಿ ನೋಡಿ.

ಇಂತಿ,
ಮಕ್ಕಳ ಬೆಳವಣಿಗೆಯ ಕ್ಷೇತ್ರದಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞರು