ಇಬ್ಬರ ದನಿ, ಒಂದೇ ಸಾಲು

ಆತ್ಮೀಯ ಓದುಗರೇ,

ದೀಪಾವಳಿ ಮತ್ತು ರಾಜ್ಯೋತ್ಸವದ ಈ ಜೋಡಿ ಸಂಚಿಕೆಯ ಸಂಪಾದಕೀಯವನ್ನು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗಿರುವ ನನ್ನ ತವರುಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಉಳಿದ ಪುಟಗಳೆಲ್ಲ ಸಿದ್ಧವಾಗಿ ಈ ಒಂದು ಪುಟಕ್ಕಾಗಿ ಕಾದಿವೆ. ಬೆಳಗಾಗುವುದರೊಳಗೆ ಕಡತ ಮುದ್ರಣಕ್ಕೆ ಹೋಗಬೇಕಾಗಿರುವುದರಿಂದಲೂ, ಇಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದೆ ಇರುವುದರಿಂದಲೂ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಕನ್ನಡ ಸಂಘದ ಇಬ್ಬರು ಹೈಸ್ಕೂಲ್ ಮಕ್ಕಳು ರಾಜ್ಯೋತ್ಸವದ ವೇದಿಕೆಯಲ್ಲಿ ತಾವೇ ರಚಿಸಿದ ಎಲೆಕ್ಟ್ರಾನಿಕ್ ನೃತ್ಯಸಂಗೀತವನ್ನು ನುಡಿಸಲು ಇಪ್ಪತ್ತು ನಿಮಿಷ ಕೊಡಬೇಕೆಂದು ಕೇಳಿ ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದಾರೆ. ತಮಗೆ ದಾರಿ ತೋರಿಸಿದ್ದು 'ಡಾಫ್ಟ್ ಪಂಕ್' ಎಂಬ ಫ್ರೆಂಚ್ ಜೋಡಿಯ ಚೊಚ್ಚಲ ಆಲ್ಬಮ್ 'ಹೋಮ್‌ವರ್ಕ್' ಎಂದು ಅದರಲ್ಲಿ ವಿನಯದಿಂದಲೇ ಹೇಳಿಕೊಂಡಿದ್ದಾರೆ. ಸಾಹಿತ್ಯವಿಲ್ಲದ, ಒಂದೇ ಸಾಲನ್ನು ತಿರುತಿರುಗಿ ಹೇಳುವ ಈ ಸಂಗೀತಕ್ಕೆ ಕನ್ನಡದ ಹಬ್ಬದಲ್ಲಿ ಏನು ಕೆಲಸ ಎಂದು ಸಮಿತಿಯ ಹಿರಿಯರು ಕೆಲವರು ಕೇಳಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ನಮ್ಮದೆಂದು ಸಿಗುವ ಸಂಜೆಯನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆ ಸಣ್ಣದಲ್ಲ. ತೀರ್ಮಾನ ಹೇಳುವ ಮೊದಲು ಆ ಆಲ್ಬಮ್ಮನ್ನು ಪೂರ್ತಿಯಾಗಿ ಕೇಳಬೇಕೆಂದು ನಿಶ್ಚಯಿಸಿಕೊಂಡು ಊರಿಗೆ ಬಂದೆ.

ಕೇಳಿಸಿದವನು ನನ್ನ ಅಣ್ಣನ ಮಗ. ಉಪ್ಪರಿಗೆಯ ಕೋಣೆಯಲ್ಲಿ ಅಡಿಕೆ ಚೀಲಗಳ ಮೇಲೆ ಹಲಗೆಯಿಟ್ಟು, ಅದರ ಮೇಲೆ ಲ್ಯಾಪ್‌ಟಾಪು, ಒಂದು ಸಣ್ಣ ಕೀಬೋರ್ಡು, ಎರಡು ಸ್ಪೀಕರುಗಳನ್ನು ಜೋಡಿಸಿಕೊಂಡಿದ್ದಾನೆ. ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರದ ಸದ್ದು ಒಳಗೆ ಬಾರದಂತೆ ಕಿಟಕಿಗೆ ಹಾಸಿಗೆಯೊಂದನ್ನು ಒತ್ತಿ ನಿಲ್ಲಿಸಿದ್ದಾನೆ. ಕೊಯ್ಲಿನ ಕೆಲಸ ಮುಗಿಸಿ ಪಕ್ಕದ ಮನೆಯ ಗೆಳೆಯನೂ ಬಂದು ಸೇರಿದರೆ ಇಬ್ಬರೂ ಊಟಕ್ಕೆ ಕರೆಯುವ ತನಕ ಅಲ್ಲೇ ಇರುತ್ತಾರೆ. 'ಹೋಮ್‌ವರ್ಕ್' ಹುಟ್ಟಿದ ಪರಿಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿತ್ತೆಂದು ನನಗೆ ಮನವರಿಕೆಯಾದದ್ದು ಆ ಕೋಣೆಯಲ್ಲಿ.

ಥಾಮಸ್ ಬಂಗಾಲ್ಟೆರ್ ಮತ್ತು ಗಿ-ಮಾನುಯೆಲ್ ದೆ ಒಮೆಮ್-ಕ್ರಿಸ್ತೊ ಪ್ಯಾರಿಸ್ಸಿನ ಲಿಸೆ ಕಾರ್ನೊ ಶಾಲೆಯಲ್ಲಿ 1987ರಲ್ಲಿ ಗೆಳೆಯರಾದವರು. ಮೊದಲು ಇನ್ನೊಬ್ಬ ಗೆಳೆಯನೊಂದಿಗೆ ಗಿಟಾರಿನ ತಂಡ ಕಟ್ಟಿದರು, ಅದು ಹೆಚ್ಚು ಕಾಲ ಬಾಳಲಿಲ್ಲ. ಬ್ರಿಟನ್ನಿನ ವಾರಪತ್ರಿಕೆಯೊಂದು ಆ ತಂಡದ ನುಡಿಸಾಣಿಕೆಯನ್ನು ಹಳಿಯುತ್ತ ಬಳಸಿದ ಮಾತನ್ನೇ ಎತ್ತಿಕೊಂಡು ತಮ್ಮ ಹೊಸ ಜೋಡಿಗೆ ಹೆಸರಾಗಿ ಇಟ್ಟುಕೊಂಡರು. ಬಂಗಾಲ್ಟೆರ್ ಅವರ ಮಲಗುವ ಕೋಣೆಯೇ ಸ್ಟುಡಿಯೋ ಆಯಿತು. ಅವರ ತಂದೆ ಡಾನಿಯೆಲ್ ವಾಂಗಾರ್ಡ್ ಡಿಸ್ಕೊ ಕಾಲದ ಹೆಸರಾಂತ ಗೀತಕಾರರೂ ನಿರ್ಮಾಪಕರೂ ಆಗಿದ್ದರಿಂದ ಸಂಗೀತದ ವ್ಯವಹಾರದಲ್ಲಿ ಎಲ್ಲಿ ಎಚ್ಚರಿಕೆಯಿಂದಿರಬೇಕೆಂಬ ತಿಳಿವಳಿಕೆ ಮನೆಯಲ್ಲೇ ಇತ್ತು. 1994ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೋಮ ಎಂಬ ಸಣ್ಣ ಸಂಸ್ಥೆ ಅವರ ಮೊದಲ ಮುದ್ರಿಕೆಯನ್ನು ಹೊರತಂದಿತು, ಮರುವರ್ಷ 'ಡಾ ಫಂಕ್' ಬಂದು ಹೆಸರು ತಂದಿತು. 1996ರಲ್ಲಿ ವರ್ಜಿನ್ ಎಂಬ ಸಂಗೀತ ಕಂಪನಿಯೊಂದಿಗೆ ಒಪ್ಪಂದವಾದಾಗಲೂ ಸಂಗೀತದ ಹಿಡಿತವನ್ನು ಅವರು ಕೈಬಿಡಲಿಲ್ಲ. 1997ರ ಜನವರಿ 20ರಂದು ಆಲ್ಬಮ್ ಬಿಡುಗಡೆಯಾದಾಗ ಇಬ್ಬರಿಗೂ 22ರ ಪ್ರಾಯ.

ಹದಿನಾರು ರಚನೆಗಳಿರುವ ಈ ಆಲ್ಬಮ್ಮಿನ ಹಿಂದೆ ಅಮೆರಿಕದ ಷಿಕಾಗೋ ಮತ್ತು ಡೆಟ್ರಾಯ್ಟ್ ನಗರಗಳ ಋಣವಿದೆ. ಜಪಾನಿನ ರೋಲೆಂಡ್ ಕಂಪನಿ 1983ರಲ್ಲಿ ತಂದ ಟಿಆರ್-909 ಎಂಬ ಡ್ರಮ್ ಯಂತ್ರ ನಿಜವಾದ ಡ್ರಮ್ಮಿನ ಹಾಗೆ ಕೇಳಿಸದೆ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ಅಂಥ ಯಂತ್ರಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡುಕೊಂಡ ಆ ನಗರಗಳ ಕರಿಯ ಯುವಕರು ಹೌಸ್ ಮತ್ತು ಟೆಕ್ನೊ ಎಂಬ ಹೊಸ ಸಂಗೀತವನ್ನೇ ಕಟ್ಟಿದರು. ಪ್ಯಾರಿಸ್ಸಿನ ಹುಡುಗರು ಇದನ್ನು ಮುಚ್ಚಿಡಲಿಲ್ಲ. 'ಟೀಚರ್ಸ್' ಎಂಬ ರಚನೆಯಲ್ಲಿ ತಾಳದ ಮೇಲೆ ತಮ್ಮ ಗುರುಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋಗುತ್ತಾರೆ, ಅದರಲ್ಲಿ ಲಿಲ್ ಲೂಯಿಸ್, ಡಿಜೆ ಸ್ನೀಕ್, ಜಾರ್ಜ್ ಕ್ಲಿಂಟನ್, ಬ್ರಯನ್ ವಿಲ್ಸನ್ ಎಲ್ಲರೂ ಬರುತ್ತಾರೆ. ನನ್ನ ಮಟ್ಟಿಗೆ ಆಲ್ಬಮ್ಮಿನ ಅತ್ಯಂತ ಆಪ್ತ ಭಾಗ ಈ ಗುರುವಂದನೆ. ಏಳು ನಿಮಿಷಕ್ಕೂ ಮಿಕ್ಕಿ ಕಿವಿಯನ್ನು ಉಜ್ಜುವ 'ರೋಲಿನ್ ಅಂಡ್ ಸ್ಕ್ರ್ಯಾಚಿನ್' ಮಾತ್ರ ನನಗೆ ಹಿಡಿಸಲಿಲ್ಲ, ಎರಡನೆಯ ಸಲ ಕೇಳಿದಾಗಲೂ ಹಿಡಿಸಲಿಲ್ಲ.

ಹಿರಿಯರ ಆಕ್ಷೇಪ ನೇರವಾಗಿ ತಗಲುವುದು 'ಅರೌಂಡ್ ದಿ ವರ್ಲ್ಡ್' ಎಂಬ ರಚನೆಗೆ. ಅದರಲ್ಲಿ ಇರುವ ಸಾಹಿತ್ಯವೆಲ್ಲ ಆ ಶೀರ್ಷಿಕೆಯೊಂದೇ. ಯಂತ್ರದ ಗಂಟಲಿನಿಂದ ಹೊರಟಂಥ ದನಿಯೊಂದು ಅದನ್ನು 144 ಸಲ ಹೇಳುತ್ತದೆ. ಗಮನವಿಟ್ಟು ಕೇಳಿದರೆ ಆ ಸಾಲು ಅಲುಗದೆ ನಿಂತಿದ್ದು ಅದರ ಸುತ್ತಲಿನದು ಬದಲಾಗುತ್ತಿರುತ್ತದೆ. ಮೊದಲು ಮಂಕಾಗಿ, ಗೋಡೆಯಾಚೆಯಿಂದ ಬಂದಂತೆ ಕೇಳಿಸುವ ತಾಳ ಮೆಲ್ಲಗೆ ತೆರೆದುಕೊಳ್ಳುತ್ತದೆ. ಕೆಳಸ್ವರದ ಬೇಸ್ ಮೆಟ್ಟಿಲು ಹತ್ತಿಳಿದಂತೆ ನಡೆದಾಡುತ್ತದೆ, ಗಿಟಾರು ಬಂದು ಸೇರುತ್ತದೆ, ತಾಳ ಒಮ್ಮೆ ಹಿಂದೆ ಸರಿದು ಬೇಸನ್ನು ಒಂಟಿಯಾಗಿ ಬಿಡುತ್ತದೆ, ಮತ್ತೆ ಬಂದು ಹಿಡಿದುಕೊಳ್ಳುತ್ತದೆ. ಇದರ ವಿಡಿಯೋ ಮಾಡಿದ ಮಿಷೆಲ್ ಗೋಂಡ್ರಿ ಮತ್ತು ನೃತ್ಯ ಸಂಯೋಜಿಸಿದ ಬ್ಲಾಂಕಾ ಲೀ ಇದನ್ನೇ ಕಣ್ಣಿಗೆ ಕಾಣಿಸಿದ್ದಾರೆ. ಒಂದೊಂದು ನೃತ್ಯಗುಂಪು ಒಂದೊಂದು ವಾದ್ಯ: ರೋಬೋಗಳು ಹಾಡುವ ದನಿ, ಮೆಟ್ಟಿಲು ಹತ್ತಿಳಿಯುವ ಕ್ರೀಡಾಪಟುಗಳು ಬೇಸ್, ಅಸ್ಥಿಪಂಜರದ ವೇಷದವರು ಗಿಟಾರು, ಬಟ್ಟೆ ಸುತ್ತಿಕೊಂಡ ಮಮ್ಮಿಗಳು ಡ್ರಮ್ ಯಂತ್ರ. ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಇದನ್ನು ತೋರಿಸಿದರೆ ಒಂದು ಸಂಗೀತದೊಳಗೆ ಎಷ್ಟು ಜನರ ಕೆಲಸವಿದೆಯೆಂದು ಯಾವ ಪಾಠವೂ ಇಲ್ಲದೆ ತಿಳಿದೀತು.

ಬಲಿಪಾಡ್ಯಮಿಯ ರಾತ್ರಿ ನಮ್ಮ ಮನೆಗೆ, ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ-ಪಂಟಿಗೆಯವರು ಬಂದರು. ಮಧ್ಯಾಹ್ನವೆಲ್ಲ ಉಪ್ಪರಿಗೆಯಲ್ಲಿ ಅಣ್ಣನ ಜೊತೆ ಈ ಆಲ್ಬಮ್ ಕೇಳಿದ್ದ ನನ್ನ ಎಂಟು ವರ್ಷದ ಮಗಳು ಬಾಗಿಲ ಸಂದಿಯಿಂದ ಅವರನ್ನೇ ನೋಡುತ್ತ ನಿಂತವಳು, "ಅಮ್ಮಾ, ಇವರೂ ಅಣ್ಣನ ಹಾಡಿನ ಥರಾನೇ ಹೇಳಿದ್ದನ್ನೇ ಹೇಳ್ತಾರಲ್ಲ, ಇವರತ್ರ ಮಶೀನಿಲ್ಲ ಅಷ್ಟೇ" ಅಂದಳು. ಸಮಿತಿಗೆ ನಾನು ಹೇಳಬೇಕಾಗಿದ್ದ ಮಾತನ್ನು ಅವಳು ಹೇಳಿಬಿಟ್ಟಿದ್ದಳು.

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೂ ಬರೆಯದೆ ಇರಲಾರೆ. ನಾನು ಚಿಕ್ಕವಳಿದ್ದಾಗ ಗೋಪೂಜೆ ಮುಗಿದು, ದನಗಳ ಕೊರಳಿನ ಹೂವು ಅಡಿಕೆ ಸರಗಳು ಅಂಗಳದಲ್ಲಿ ಚೆಲ್ಲಾಡಿರುತ್ತಿದ್ದ ಆ ರಾತ್ರಿ, ಮಲಗಿರೆಂದು ಹೇಳಿದರೂ ಮಕ್ಕಳು ಯಾರೂ ಮಲಗುತ್ತಿರಲಿಲ್ಲ. ಮೊದಲು ಮೇಲಿನ ಮನೆಯ ನಾಯಿ ಬೊಗಳುತ್ತಿತ್ತು. ಆಮೇಲೆ ತೋಟದಾಚೆ, ಮರಗಳ ನಡುವೆ, ದೀಪವೊಂದು ಕಂಡು ಮರೆಯಾಗಿ ಮತ್ತೆ ಕಾಣುತ್ತಿತ್ತು. ಸಂಕ ದಾಟಿ, ಉಣುಗೋಲು ಸರಿಸಿ, ಕಂಬಳಿಕೊಪ್ಪೆ ಹಾಕಿಕೊಂಡ ಏಳೆಂಟು ಜನ ಅಂಗಳಕ್ಕೆ ಬಂದು ನಿಂತು ಬಾಗಿಲು ತೆಗೆಯಿರೆಂದು ಹಾಡಲು ತೊಡಗುತ್ತಿದ್ದರು. ಹಾಡು ಮುಗಿಯುವ ತನಕ ಅಪ್ಪಯ್ಯ ಬಾಗಿಲು ತೆರೆಯುತ್ತಿರಲಿಲ್ಲ, ತೆರೆಯಬಾರದೆಂಬುದು ಅವರಿಗೂ ಹಾಡುವವರಿಗೂ ಗೊತ್ತಿತ್ತು. ಮುಮ್ಮೇಳದ ಇಬ್ಬರು ಸಾಲನ್ನು ಎತ್ತಿಕೊಡುವುದು, ಅದು ಮುಗಿಯುವ ಮೊದಲೇ ಹಿಮ್ಮೇಳದ ಇಬ್ಬರು ಅದೇ ಸಾಲನ್ನು ಹಿಡಿಯುವುದು, ನಡುವೆ ಉಸಿರಿಗೂ ಬಿಡುವಿಲ್ಲದಂತೆ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಬರುವುದು. ಚಂಡೆಯಿಲ್ಲ, ತಾಳವಿಲ್ಲ, ಶ್ರುತಿಪೆಟ್ಟಿಗೆಯೂ ಇಲ್ಲ. ಮುಮ್ಮೇಳದಲ್ಲಿ ಹಾಡುತ್ತಿದ್ದವರಲ್ಲಿ ಒಬ್ಬರು ಹಗಲು ನಮ್ಮ ತೋಟದಲ್ಲಿ ಅಡಿಕೆ ಕೊನೆ ಇಳಿಸುತ್ತಿದ್ದ ಕೊನೆಗಾರರು. ಊರೂರು ಸುತ್ತಿ ನಮ್ಮ ಮನೆಗೆ ಬರುವ ಹೊತ್ತಿಗೆ ಅವರ ದನಿ ಒಡೆದಿರುತ್ತಿತ್ತು. ಆಗ ಹಿಮ್ಮೇಳದವರು ಸಾಲನ್ನು ಒಂದಿಷ್ಟು ಹೆಚ್ಚು ಎಳೆದು ಅವರಿಗೆ ಉಸಿರು ತೆಗೆದುಕೊಳ್ಳಲು ಅವಕಾಶ ಮಾಡಿಕೊಡುತ್ತಿದ್ದುದನ್ನು ನಾನು ಮಗುವಾಗಿದ್ದಾಗಲೇ ಗುರುತಿಸಿದ್ದೆ. ಅದೇ ಸಾಲು ಮತ್ತೆ ಮತ್ತೆ ಬಾರದೆ ಹೋಗಿದ್ದರೆ ಆ ಎಳೆತ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಬಾಗಿಲು ತೆರೆದ ಮೇಲೆ ಅಜ್ಜಿ ಗಿಂಡಿಯಲ್ಲಿ ಎಣ್ಣೆ ತಂದು ಅವರ ದೀಪಕ್ಕೆ ಎರೆದು, ಅದರಿಂದ ತಮ್ಮ ಹಣತೆ ಹಚ್ಚಿಕೊಂಡು, ಸೆರಗಿನಿಂದ ಗಾಳಿಗೆ ಮರೆಮಾಡುತ್ತ ದೇವರ ಕೋಣೆಗೆ ಒಯ್ಯುತ್ತಿದ್ದರು. ಹೊರಟಲ್ಲಿಂದ ಕೊನೆಯ ಮನೆಯ ತನಕ ಆ ದೀಪ ಆರಕೂಡದು. ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಟ್ಟು, ಕಡುಬು ಕಾಫಿಯ ಉಪಚಾರ ಮಾಡಿ ಕಳಿಸಿದ ಮೇಲೂ ಆ ಸಾಲುಗಳು ತೋಟದೊಳಗಿಂದ ಕೇಳಿಸುತ್ತಿದ್ದವು, ಹಾಸಿಗೆಯಲ್ಲಿ ನಾವು ಮಕ್ಕಳು ಮುಮ್ಮೇಳ ಹಿಮ್ಮೇಳವಾಗಿ ಪಾಲು ಮಾಡಿಕೊಂಡು ಅವನ್ನೇ ಹೇಳುತ್ತಿದ್ದೆವು. ಈ ವರ್ಷ ಬಂದ ತಂಡದ ಹಿಮ್ಮೇಳದಲ್ಲಿ ಒಬ್ಬರೇ ಇದ್ದರು. ಜೊತೆಗೆ ಹಾಡಬೇಕಾಗಿದ್ದವರ ಮಗ ಬೆಂಗಳೂರಿನಲ್ಲಿದ್ದಾನೆ, ಕಲಿಯಲಿಲ್ಲ ಎಂದು ಅಣ್ಣ ಹೇಳಿದರು. ನನ್ನ ಅಣ್ಣನ ಮಗ ಜಗಲಿಯ ಕಂಬಕ್ಕೆ ಫೋನು ಕಟ್ಟಿ, ತಂಡದವರ ಒಪ್ಪಿಗೆ ಪಡೆದು, ಇಡೀ ಹಾಡನ್ನು ಮುದ್ರಿಸಿಕೊಂಡ. ಮರುದಿನ ಅದರ ಕೆಳಗೆ ಸಮನಾದ ನಾಲ್ಕು ಪೆಟ್ಟಿನ ತಾಳವನ್ನಿಟ್ಟು ನನಗೆ ಕೇಳಿಸಿದ. ದನಿಗಳು ಯಂತ್ರದ ಕಾಲಕ್ಕೆ ಕೂಡದೆ ಅಲ್ಲಲ್ಲಿ ಹಿಂದೆ ಬೀಳುತ್ತಿದ್ದವು. ಅವನು ದನಿಯನ್ನು ಕತ್ತರಿಸಿ ಸರಿಪಡಿಸಲಿಲ್ಲ, ತಾಳವನ್ನೇ ಅವರ ನಡಿಗೆಗೆ ತಕ್ಕಂತೆ ಹಿಂದೆ ಮುಂದೆ ಸರಿಸುತ್ತ ಸಂಜೆಯವರೆಗೆ ಕುಳಿತ. ಸಂಪ್ರದಾಯದ ಮೇಲೆ ಅವನಿಗಿರುವ ಗೌರವವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷಣವೂ ನನಗೆ ತೋರಿಸಿಲ್ಲ.

ಆದ್ದರಿಂದ ಸಮಿತಿಯಲ್ಲಿ ನನ್ನ ಅಭಿಪ್ರಾಯವನ್ನು ಇಲ್ಲೇ ದಾಖಲಿಸುತ್ತೇನೆ. ಆ ಇಬ್ಬರು ಮಕ್ಕಳಿಗೆ ವೇದಿಕೆ ಕೊಡಬೇಕು, ಅದೂ ಊಟದ ಸಾಲು ಶುರುವಾದ ಮೇಲೆ ಉಳಿದ ಹೊತ್ತಿನಲ್ಲಿ ಅಲ್ಲ, ಸಭೆ ತುಂಬಿರುವಾಗ, ಒಳ್ಳೆಯ ಸ್ಪೀಕರುಗಳೊಂದಿಗೆ ಕೊಡಬೇಕು. ಈ ಸಂಗೀತದಲ್ಲಿ ಕೆಳಗಿನ ಸ್ವರಗಳೇ ಜೀವಾಳ, ನಮ್ಮ ಭವನದ ಮೈಕಿನ ವ್ಯವಸ್ಥೆಯಲ್ಲಿ ಅವು ಕೇಳಿಸುವುದೇ ಇಲ್ಲ. ಅವರ ರಚನೆಯಲ್ಲಿ ಕನ್ನಡದ ದನಿಯೊಂದು ಇರಲೆಂದು ಕೇಳಿಕೊಳ್ಳೋಣ, ಷರತ್ತು ಹಾಕುವುದು ಬೇಡ. ಡಾಫ್ಟ್ ಪಂಕ್ ಜೋಡಿ 2021ರ ಫೆಬ್ರವರಿಯಲ್ಲಿ ಬೇರೆಯಾಯಿತು, ಇನ್ನು ಹೊಸದೇನೂ ಅವರಿಂದ ಬರುವ ಹಾಗಿಲ್ಲ. ಆದರೂ ಅವರು ಪ್ಯಾರಿಸ್ಸಿನ ಕೋಣೆಯೊಂದರಲ್ಲಿ ಮಾಡಿದ್ದನ್ನು ಕೇಳಿ ತೀರ್ಥಹಳ್ಳಿಯ ಉಪ್ಪರಿಗೆಯಲ್ಲೂ ನಮ್ಮ ಊರಿನ ಅಪಾರ್ಟ್‌ಮೆಂಟಿನಲ್ಲೂ ನಾಲ್ವರು ಹುಡುಗರು ಕೆಲಸಕ್ಕೆ ಕುಳಿತಿದ್ದಾರೆ.

ಈಗ ಪ್ರಕಟಣೆಗಳು, ಜಾಗ ಕಡಿಮೆಯಿರುವುದರಿಂದ ಚುಟುಕಾಗಿ. ರಾಜ್ಯೋತ್ಸವ ಮತ್ತು ದೀಪಾವಳಿ ಕಾರ್ಯಕ್ರಮ ನವೆಂಬರ್ ಎರಡನೆಯ ಶನಿವಾರ ಮಧ್ಯಾಹ್ನ 3 ಗಂಟೆಗೆ, ಎಂದಿನ ಭವನದಲ್ಲಿಯೇ. ಧ್ವಜಾರೋಹಣಕ್ಕೆ ದಯವಿಟ್ಟು ಸಮಯಕ್ಕೆ ಸರಿಯಾಗಿ ಬನ್ನಿ. ಊಟಕ್ಕೆ ಹೆಸರು ನೋಂದಾಯಿಸಲು ಹಿಂದಿನ ಭಾನುವಾರವೇ ಕೊನೆಯ ದಿನ. ಕನ್ನಡ ಶಾಲೆ ಆ ವಾರಾಂತ್ಯ ಇರುವುದಿಲ್ಲ. ಗ್ರಂಥಾಲಯದಿಂದ ಒಯ್ದ ಪುಸ್ತಕಗಳನ್ನು ಅಂದೇ ಹಿಂದಿರುಗಿಸಬಹುದು. ಸದಸ್ಯತ್ವ ನವೀಕರಿಸದವರು ಖಜಾಂಚಿಯವರನ್ನು ಕಾಣಿರಿ.

ಎರಡು ಕೋರಿಕೆಗಳಿವೆ. ಇಷ್ಟು ವರ್ಷ ಈ ಪತ್ರಿಕೆಯ ಪುಟವಿನ್ಯಾಸವನ್ನು ಮಾಡಿಕೊಡುತ್ತಿದ್ದ ದಂಪತಿಗಳು ಕಳೆದ ತಿಂಗಳು ಶಿವಮೊಗ್ಗಕ್ಕೆ ಕಾಯಂ ಆಗಿ ಮರಳಿದರು. ಈ ಸಂಚಿಕೆಯ ಬರವಣಿಗೆ, ಕರಡು ತಿದ್ದುವುದು, ಪುಟ ಕಟ್ಟುವುದು ಎಲ್ಲವೂ ಒಬ್ಬಳ ಮೇಲೆ ಬಿದ್ದಿದೆ, ಹೀಗೆ ಮುಂದುವರಿಸಲು ನನ್ನಿಂದ ಸಾಧ್ಯವಿಲ್ಲ. ಕನ್ನಡ ಟೈಪಿಂಗ್ ಬಲ್ಲ ಯಾರಾದರೂ ತಿಂಗಳಿಗೆ ಒಂದು ಸಂಜೆ ಕೊಟ್ಟರೂ ಸಂಕ್ರಾಂತಿ ಸಂಚಿಕೆ ಹೊರಬರುತ್ತದೆ, ಇಲ್ಲದಿದ್ದರೆ ಬರುವುದು ಕಷ್ಟ. ಇನ್ನೊಂದು, ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯ ಹಿರಿಯರಲ್ಲಿ ಯಾರ ಬಳಿಯಾದರೂ ಅಂಟಿಗೆ-ಪಂಟಿಗೆಯ ಹಳೆಯ ಕ್ಯಾಸೆಟ್ಟುಗಳಿದ್ದರೆ, ಅಥವಾ ಸಾಲುಗಳು ಬಾಯಲ್ಲಿ ಉಳಿದಿದ್ದರೆ, ಕಾರ್ಯಕ್ರಮದ ದಿನ ಒಂದು ಗಂಟೆ ಮುಂಚೆ ಭವನಕ್ಕೆ ಬನ್ನಿ. ಆ ಇಬ್ಬರು ಮಕ್ಕಳೇ ಮೈಕು ಹಿಡಿದು ಮುದ್ರಿಸಿಕೊಳ್ಳಲು ಒಪ್ಪಿದ್ದಾರೆ. ಕ್ಯಾಸೆಟ್ ಪ್ಲೇಯರ್ ಇರುವವರು ಒಬ್ಬರು ಅದನ್ನೂ ತಂದರೆ ಉಪಕಾರವಾಗುತ್ತದೆ.