ಮಳೆ ಎಷ್ಟು ಅನ್ನುವುದರ ಜೊತೆ ಎಲ್ಲಿ ಅಳೆದದ್ದು ಅಂತಲೂ ಹಾಕಿ

ಸಂಪಾದಕರೇ,

ಜೋರು ಮಳೆಯ ಮಾರನೇ ದಿನ ನೀವು ಹಾಕುವ ಮಳೆ ಲೆಕ್ಕವನ್ನು ನಾನು ತಪ್ಪದೆ ಓದುತ್ತೇನೆ. ಆದರೆ ಅಲ್ಲಿ 'ನಗರದಲ್ಲಿ ಇಷ್ಟು ಮಿಲಿಮೀಟರ್' ಅಂತ ಒಂದೇ ಅಂಕಿ ಇರುತ್ತದೆ. ಯಾವ ಜಾಗದಲ್ಲಿ ಅಳೆದದ್ದು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗಿನದು ಅನ್ನುವುದು ಇರುವುದೇ ಇಲ್ಲ. ದಯವಿಟ್ಟು ಅದನ್ನೂ ಸೇರಿಸಿ.

ಸಮುದ್ರದ ದಂಡೆಯ ಹಳೇ ನಗರದಲ್ಲಿ, ಬಂದರಿನ ಹಿಂದಿನ ಓಣಿಯಲ್ಲಿ ನನ್ನ ಮನೆ. ತಾರಸಿ ಮೇಲೆ ಒಂದು ಪುಟ್ಟ ಹವಾಮಾನ ಕೇಂದ್ರ ಇಟ್ಟುಕೊಂಡಿದ್ದೇನೆ. ಶುರುವಿನಲ್ಲಿ ಥರ್ಮಾಮೀಟರನ್ನು ಹಳೇ ಕಲ್ಲುಗೋಡೆಗೇ ಹೊಡೆದಿದ್ದೆ. ರಾತ್ರಿ ಎಷ್ಟು ಹೊತ್ತಾದರೂ ಉಷ್ಣಾಂಶ ಇಳಿಯುತ್ತಲೇ ಇರಲಿಲ್ಲ. ಆಮೇಲೆ ಗೊತ್ತಾಯಿತು, ನಾನು ಅಳೆಯುತ್ತಿದ್ದದ್ದು ಗಾಳಿಯನ್ನಲ್ಲ, ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನೇ ಹೊರಗೆ ಬಿಡುವ ಆ ಗೋಡೆಯನ್ನು. ಥರ್ಮಾಮೀಟರಿಗೆ ನೆರಳೂ ಬೇಕು, ಗಾಳಿಯೂ ಬೇಕು, ನೆಲದಿಂದ 1.25ರಿಂದ 2 ಮೀಟರ್ ಎತ್ತರವೂ ಬೇಕು. ಅದಕ್ಕೆಂದೇ ಇರುವ ಜಾಲರಿ ಪೆಟ್ಟಿಗೆಯನ್ನು 19ನೇ ಶತಮಾನದಲ್ಲಿ ರೂಪಿಸಿದ ಥಾಮಸ್ ಸ್ಟೀವನ್‌ಸನ್ ಲೈಟ್‌ಹೌಸ್ ಕಟ್ಟುತ್ತಿದ್ದ ಎಂಜಿನಿಯರ್. ಸಮುದ್ರದ ಪಕ್ಕ ಕೆಲಸ ಮಾಡಿದವರಿಗೇ ಇದರ ಕಷ್ಟ ಗೊತ್ತು ಅಲ್ವಾ?

ಮಳೆಯದ್ದು ಇನ್ನೂ ಕಷ್ಟ. ಮಳೆಮಾಪಕದ ಹತ್ತಿರ ಗೋಡೆ, ಮರ ಏನೇ ಇದ್ದರೂ ಅದು ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇರಬೇಕು ಅನ್ನುತ್ತಾರೆ. ನಮ್ಮಂಥ ಓಣಿಯಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಸರಿ, ತಾರಸಿಗೆ ಒಯ್ದರೆ ಅಲ್ಲಿ ಕಡಲ ಗಾಳಿ ಹನಿಗಳನ್ನು ಮಾಪಕದ ಬಾಯಿಗೆ ಬೀಳಲು ಬಿಡದೆ ಪಕ್ಕಕ್ಕೆ ಹಾರಿಸಿಕೊಂಡು ಹೋಗುತ್ತದೆ, ಲೆಕ್ಕ ಕಡಿಮೆ ಬರುತ್ತದೆ. ನನ್ನ ಯಂತ್ರದೊಳಗಿನ ಪುಟ್ಟ ಬಟ್ಟಲು 0.2 ಮಿಲಿಮೀಟರ್ ಮಳೆಗೆ ಒಮ್ಮೆ ಮಗುಚಿಕೊಳ್ಳುತ್ತದೆ. ಮಳೆ ಧೋ ಅಂತ ಸುರಿಯುವಾಗ ಮಗುಚುವ ಆ ಕ್ಷಣದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಮಾಮೂಲಿ ಕೊಳವೆ ಮಾಪಕವನ್ನೂ ಇಟ್ಟಿದ್ದೇನೆ, ಬೆಳಿಗ್ಗೆ ಕಣ್ಣಿನಿಂದ ನೋಡಿ ಬರೆದುಕೊಳ್ಳುತ್ತೇನೆ. ಉಪ್ಪುಗಾಳಿಗೆ ತಿರುಪುಗಳು ತುಕ್ಕು ಹಿಡಿಯುತ್ತವೆ, ಗಾಳಿಯ ವೇಗ ಅಳೆಯಲು ತಿರುಗುವ ಬಟ್ಟಲುಗಳ ಬೇರಿಂಗ್ ಬಿಗಿಯಾಗುತ್ತದೆ. ಸಿಹಿನೀರಲ್ಲಿ ಒರೆಸುತ್ತಲೇ ಇರಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಒಂದೇ ಮಳೆಗೆ ಎರಡು ಜಾಗದಲ್ಲಿ ಎರಡು ಅಂಕಿ ಬಂದರೆ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಅರ್ಥ ಅಲ್ಲ. ಮಳೆಯ ಮೋಡ ಒಂದು ಬಡಾವಣೆಯನ್ನು ತೋಯಿಸಿ ಇನ್ನೊಂದನ್ನು ಒಣಗಲು ಬಿಟ್ಟು ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತವರು, ದೂರದ ಬಯಲಿನಲ್ಲಿ ಅಳೆದ ಸಣ್ಣ ಅಂಕಿಯನ್ನು ಮಾರನೇ ದಿನ ಪತ್ರಿಕೆಯಲ್ಲಿ ಓದಿದರೆ ಇನ್ನು ಮುಂದೆ ಯಾವ ಅಂಕಿಯನ್ನೂ ನಂಬುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್. ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಬೆಳಿಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಏರಿರುತ್ತದೆ, ಬೆಳಗಿನ ಜಾವ ಮತ್ತು ಸಂಜೆ 4ರ ಸುಮಾರಿಗೆ ಇಳಿದಿರುತ್ತದೆ. ದಿನಾ ನೋಡುತ್ತಿದ್ದರೆ ಈ ಉಸಿರಾಟ ಕೈಗೆ ಸಿಗುತ್ತದೆ. ಅದು ತಪ್ಪಿ, ಏರಬೇಕಾದ ಹೊತ್ತಿನಲ್ಲೂ ಮುಳ್ಳು ಇಳಿಯುತ್ತಲೇ ಹೋದರೆ ಕಡಲಿನ ಕಡೆ ಏನೋ ಇದೆ ಅಂತ ಎಚ್ಚರವಾಗುತ್ತದೆ. 1859ರಲ್ಲಿ ಬ್ರಿಟನ್ ತೀರದಲ್ಲಿ ರಾಯಲ್ ಚಾರ್ಟರ್ ಹಡಗು ಬಿರುಗಾಳಿಗೆ ಒಡೆದ ಮೇಲೆ ಅಲ್ಲಿನ ಹವಾಮಾನ ಇಲಾಖೆಯ ಮುಖ್ಯಸ್ಥ ರಾಬರ್ಟ್ ಫಿಟ್ಜ್‌ರಾಯ್ 1861ರಲ್ಲಿ ಬಂದರುಗಳಿಗೆ ಬಿರುಗಾಳಿ ಮುನ್ಸೂಚನೆ ಕಳಿಸಲು ಶುರು ಮಾಡಿದರು. ಮೀನುಗಾರರ ಬಂದರುಗಳಲ್ಲಿ ಎಲ್ಲರೂ ನೋಡುವಂತೆ ಬ್ಯಾರೋಮೀಟರ್ ಇಡಿಸಿದವರೂ ಅವರೇ. ದೋಣಿ ಇಳಿಸುವವನು ತಾನೇ ನೋಡಿ ತೀರ್ಮಾನ ಮಾಡಬೇಕು ಅನ್ನುವ ಆ ಯೋಚನೆ ನನಗೆ ಬಹಳ ಇಷ್ಟ. ಪತ್ರಿಕೆಯೂ ಹಾಗೆ ಎಲ್ಲರೂ ನೋಡುವ ಜಾಗವೇ ಅಲ್ವಾ?

ಮನೆಯಲ್ಲಿ ಯಂತ್ರ ಇಟ್ಟಿರುವವರಿಗೂ ಒಂದು ಮಾತು. ಅಂಕಿ ಹಂಚಿಕೊಳ್ಳುವಾಗ ಯಂತ್ರ ಎಲ್ಲಿದೆ ಅಂತಲೂ ಹೇಳಿ. ಸಂಪಾದಕರೇ, ನನ್ನ ದಿನದಿನದ ಲೆಕ್ಕ ನಿಮಗೆ ಬೇಕಿದ್ದರೆ ಖಂಡಿತ ಕೊಡುತ್ತೇನೆ. ಮಾಪಕ ಇರುವುದು ತಾರಸಿ ಮೇಲೆ, ಪಕ್ಕದ ಗೋಡೆ ಇಷ್ಟು ಎತ್ತರ, ಇಷ್ಟು ದೂರ ಅಂತ ಮೊದಲ ಸಾಲಿನಲ್ಲೇ ಬರೆದು ಕೊಡುತ್ತೇನೆ.

ಇಂತಿ,
ನಿಮ್ಮ ಓದುಗ