ತಲೆಗೆ ಬಿದ್ದ ಪೆಟ್ಟಿಗೂ ಸ್ಯಾಟ್ಸ್‌ನಲ್ಲಿ ಒಂದು ಸಾಲು ಕೊಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನ ಲಗ್ಗೆರೆಯವಳು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ಪರಿಹಾರ ಕೇಳುವುದಕ್ಕಾಗಲಿ, ಯಾರ ಮೇಲಾದರೂ ದೂರು ಹೇಳುವುದಕ್ಕಾಗಲಿ ಈ ಪತ್ರ ಬರೆಯುತ್ತಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ, ಅವರ ದಾಖಲೆ ಇಡುವ ನಿಮ್ಮ ಇಲಾಖೆಯ ಸ್ಯಾಟ್ಸ್ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ತಲೆಪೆಟ್ಟಿನ ಬಗ್ಗೆ ಒಂದು ಸಾಲು ಸೇರಿಸಿ ಅಂತ ಕೇಳಬೇಕಿದೆ. ಒಂದು ಸಾಲಿಗೆ ಇಷ್ಟುದ್ದ ಪತ್ರವಾ ಅಂತ ಬೇಸರ ಮಾಡಿಕೊಳ್ಳಬೇಡಿ.

ನನ್ನ ಮಗ ಮೂರೂವರೆ ವರ್ಷಕ್ಕೆ ಮೆಟ್ಟಿಲಿಂದ ಬಿದ್ದ. ನಾವಿದ್ದ ಬಾಡಿಗೆ ಮನೆಯ ಮೇಲೆ ಓನರ್ ಇನ್ನೊಂದು ಮಹಡಿ ಏರಿಸುತ್ತಿದ್ದರು. ಮೆಟ್ಟಿಲಿಗೆ ಕಂಬಿ ಹಾಕಿರಲಿಲ್ಲ. ನಾನು ಬಟ್ಟೆ ಒಣಹಾಕಿ ತಿರುಗುವಷ್ಟರಲ್ಲಿ ಮಗು ಕೆಳಗಿತ್ತು. ಆಸ್ಪತ್ರೆಯಲ್ಲಿ 11 ದಿನ. ಮನೆಗೆ ಬಂದಾಗ ನಡೆಯುತ್ತಿದ್ದ, ಮಾತಾಡುತ್ತಿದ್ದ, ಅನ್ನ ಸಾರು ಬೇಡ ಅಂತ ಹಠವನ್ನೂ ಮಾಡಿದ. ಅತ್ತೆ ಘಾಟಿ ಸುಬ್ರಹ್ಮಣ್ಯಕ್ಕೆ ಹೊತ್ತಿದ್ದ ಹರಕೆ ತೀರಿಸಿದರು. "ಮಕ್ಕಳ ಮೆದುಳಲ್ವಾ, ಬೇಗ ಕೂಡಿಕೊಳ್ಳುತ್ತೆ" ಅಂತ ಎಲ್ಲರೂ ಹೇಳಿದರು. ಡಾಕ್ಟರೂ ಹೇಳಿದರು. ನಂಬದೇ ಇರುವುದಕ್ಕೆ ನಮಗೆ ಕಾರಣ ಇರಲಿಲ್ಲ.

ಮೂರನೇ ಕ್ಲಾಸಿನವರೆಗೆ ತೊಂದರೆ ಕಾಣಲಿಲ್ಲ. ಮಗ್ಗಿ ಬಾಯಿಪಾಠ, ಪದ್ಯ ಬಾಯಿಪಾಠ. ನಾಲ್ಕಕ್ಕೆ ಬಂದ. ಅವನು ಎರಡು ಸಾಲು ಬರೆದುಕೊಳ್ಳುವಷ್ಟರಲ್ಲಿ ಬೋರ್ಡ್ ಒರೆಸಿ ಆಗಿರುತ್ತಿತ್ತು. "ಪುಸ್ತಕ ತೆಗಿ, 42ನೇ ಪುಟ, ಎರಡನೇ ಲೆಕ್ಕ ಮಾಡು" ಅಂದರೆ ಪುಸ್ತಕ ತೆಗೆದು ಸುಮ್ನೆ ಕೂತಿರುತ್ತಿದ್ದ. ಮಿಕ್ಕದ್ದು ಮರೆತಿರುತ್ತಿತ್ತು. ಮಧ್ಯಾಹ್ನ ಊಟದ ಮೇಲೆ ತಲೆ ಬೆಂಚಿಗೆ. ಸಂಜೆ ಮನೆಗೆ ಬಂದರೆ ಶೂ ಬಿಚ್ಚು ಅಂದಿದ್ದಕ್ಕೂ ಕೂಗಾಟ. ಟೀಚರ್ ಡೈರಿಯಲ್ಲಿ ಬರೆದು ಕಳಿಸಿದರು: "ಬುದ್ಧಿ ಇದೆ, ಸೋಮಾರಿ." ನಾನೂ ಹೊಡೆದಿದ್ದೇನೆ ಸಾರ್. ಅದನ್ನು ಬಿಟ್ಟು ಟೀಚರ್ ವಿಷಯ ಮಾತ್ರ ಬರೆದರೆ ತಪ್ಪಾಗುತ್ತದೆ.

ಮಾರ್ಕ್ಸ್‌ಗಿಂತ ಜಾಸ್ತಿ ನೋವಾದದ್ದು ಬೇರೆ. ಗೆಳೆಯರು ಒಬ್ಬೊಬ್ಬರಾಗಿ ದೂರವಾದರು. ತಮಾಷೆ ಅವನಿಗೆ ತಡವಾಗಿ ಹೊಳೆಯುತ್ತದೆ, ಅಷ್ಟರಲ್ಲಿ ಮಿಕ್ಕವರು ನಕ್ಕು ಮುಗಿಸಿರುತ್ತಾರೆ. ಔಟಾದರೆ ಬ್ಯಾಟ್ ಬಿಸಾಡುತ್ತಾನೆ. ಪಕ್ಕದ ಬೀದಿಯ ಹುಡುಗನ ಬರ್ತ್‌ಡೇಗೆ ಇವನನ್ನು ಕರೆಯಲಿಲ್ಲ. ಒಂದು ತಟ್ಟೆಯಲ್ಲಿ ಕೇಕ್ ಮನೆಗೆ ಕಳಿಸಿದರು.

ಹೋದ ವರ್ಷ ಒಬ್ಬರು ಮನಶ್ಶಾಸ್ತ್ರಜ್ಞೆಯ ಹತ್ತಿರ ಕರೆದುಕೊಂಡು ಹೋದೆ. ಅವರು ಕೂತ ತಕ್ಷಣ ಕೇಳಿದರು, "ಚಿಕ್ಕವನಿದ್ದಾಗ ತಲೆಗೆ ಪೆಟ್ಟಾಗಿತ್ತಾ?" ಅಲ್ಲಿಯವರೆಗೆ ಯಾವ ಶಾಲೆಯೂ ಕೇಳಿರದ ಪ್ರಶ್ನೆ. ಬೀರುವಿನ ಮೇಲಿದ್ದ ಕವರ್ ಹುಡುಕಿ ತಂದುಕೊಟ್ಟೆ. ಡಿಸ್ಚಾರ್ಜ್ ಹಾಳೆಯಲ್ಲಿ ಜಿಸಿಎಸ್ 10 ಅಂತ ಇತ್ತು. ಅಷ್ಟು ವರ್ಷ ಅದನ್ನು ವಾರ್ಡ್ ನಂಬರ್ ಅಂದುಕೊಂಡಿದ್ದೆ! ಪೆಟ್ಟು ಬಿದ್ದವರಿಗೆ ಎಷ್ಟು ಎಚ್ಚರ ಇದೆ ಅಂತ ಅಳೆಯುವ ಅಂಕವಂತೆ ಅದು. 1974ರಲ್ಲಿ ಗ್ಲಾಸ್ಗೋದ ಡಾಕ್ಟರುಗಳು ಮಾಡಿದ್ದು. 15ಕ್ಕೆ 13 ಅಥವಾ ಮೇಲಿದ್ದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಕಡಿಮೆ ಇದ್ದರೆ ತೀವ್ರ.

ಎಳೆ ಮೆದುಳು ಬೇಗ ಸರಿಹೋಗುತ್ತದೆ ಅನ್ನುವ ಮಾತು ಎಲ್ಲಿಂದ ಬಂತು ಅಂತ ಆಮೇಲೆ ಓದಿಕೊಂಡೆ. 1930ರ ದಶಕದಲ್ಲಿ ಮಾರ್ಗರೆಟ್ ಕೆನಾರ್ಡ್ ಅನ್ನುವ ವಿಜ್ಞಾನಿ ಕೋತಿಗಳ ಮೇಲೆ ಪ್ರಯೋಗ ಮಾಡಿದ್ದರು. ಮೆದುಳಿಗೆ ಗಾಯವಾದ ಮರಿಗಳ ಕೈಕಾಲು ದೊಡ್ಡ ಕೋತಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡವು. ಕೈಕಾಲಿನ ಲೆಕ್ಕವನ್ನು ಜನ ಇಡೀ ಮೆದುಳಿಗೆ ಹಚ್ಚಿಬಿಟ್ಟರು. ಮೆಲ್ಬರ್ನ್‌ನಲ್ಲಿ ವಿಕಿ ಆಂಡರ್ಸನ್ ಮತ್ತು ಜೊತೆಯವರು ಪೆಟ್ಟು ತಿಂದ ಮಕ್ಕಳನ್ನು ಹತ್ತು ವರ್ಷದವರೆಗೂ ಬಿಡದೆ ಗಮನಿಸಿದರು. ಜೋರು ಪೆಟ್ಟು ಎಳೆ ವಯಸ್ಸಿಗೆ ಬಿದ್ದಿದ್ದರೆ, ದೊಡ್ಡ ಮಕ್ಕಳಿಗಿಂತ ಅವರಿಗೇ ತೊಂದರೆ ಜಾಸ್ತಿ ಕಂಡಿತು.

ಯಾಕೆ ಹೀಗೆ ಅಂತ ನಾನು ಮಗನನ್ನು ತೋರಿಸಿದ್ದ ಮನಶ್ಶಾಸ್ತ್ರಜ್ಞೆ ಮೇಡಂ ನನಗೆ ಅರ್ಥವಾಗುವ ಹಾಗೆ ಹೇಳಿದರು. ಗಮನ ಇಡುವುದು, ಮುಂದಿನದನ್ನು ಯೋಚಿಸುವುದು, ಸಿಟ್ಟು ತಡೆಯುವುದು, ಇವೆಲ್ಲ ಮುಖ್ಯವಾಗಿ ಹಣೆಯ ಹಿಂದಿರುವ ಮೆದುಳಿನ ಕೆಲಸ. ಅದು ಪೂರ್ತಿ ಬಲಿಯುವುದಕ್ಕೆ ವಯಸ್ಸು ಇಪ್ಪತ್ತು ದಾಟಬೇಕು. ಮೂರು ವರ್ಷದ ಮಗುವಿಗೆ ಯಾರೂ ಆ ಕೆಲಸ ಹೇಳುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಆ ಕೆಲಸದ ಹಾಜರಿ ಕೂಗುತ್ತಾರೆ. ಆ ಜಾಗದಿಂದ ದನಿ ಬರುತ್ತಿಲ್ಲ ಅಂತ ಗೊತ್ತಾಗುವುದೇ ಆಗ.

ಸಣ್ಣಪುಟ್ಟ ಪೆಟ್ಟು ಬಿದ್ದ ಮಕ್ಕಳಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ಅವರ ತಾಯಂದಿರು ಹೆದರಬೇಕಿಲ್ಲ. ನನ್ನ ಮಾತು ಆಸ್ಪತ್ರೆಯಲ್ಲಿ ಮಲಗಬೇಕಾಗಿ ಬಂದ ಮಕ್ಕಳ ಬಗ್ಗೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ತಲೆಪೆಟ್ಟನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಅಮೆರಿಕದಲ್ಲಿ ಇದನ್ನು 1990ರಲ್ಲೇ ವಿಶೇಷ ಶಿಕ್ಷಣದ ಕಾನೂನಿಗೆ ಸೇರಿಸಿಕೊಂಡರು. ಇಲ್ಲಿ ಬೇರೆ ಯಾವುದಾದರೂ ಹೆಸರಿನಲ್ಲಿ ಸರ್ಟಿಫಿಕೇಟ್ ಮಾಡಿಸೋಣ ಅಂದರೆ, ಸೌಲಭ್ಯ ಸಿಗಲು ವೈಕಲ್ಯ ಕನಿಷ್ಠ ಶೇ 40 ಇರಬೇಕು ಅನ್ನುವ ಗೆರೆ ಅಡ್ಡ ಬರುತ್ತದೆ. ನನ್ನ ಮಗನ ಐಕ್ಯೂ ಸಾಮಾನ್ಯ, ಕೈಕಾಲು ನೆಟ್ಟಗಿವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆಗೇ ಬಂದು ಹಲ್ಲು, ಕಣ್ಣು, ರಕ್ತಹೀನತೆ ನೋಡುತ್ತಾರೆ. ಆ ಪಟ್ಟಿಯಲ್ಲೂ ತಲೆಪೆಟ್ಟು ಇಲ್ಲ.

ಶಾಲೆಗೆ ಹೋಗುವ ಮಕ್ಕಳಿಗೆ ನಿಮ್ಮ ಇಲಾಖೆ ಸ್ಯಾಟ್ಸ್ ನಂಬರ್ ಕೊಡುತ್ತದೆ. ಶಾಲೆ ಬದಲಾದರೂ ಅದು ಮಗುವಿನ ಜೊತೆಯಲ್ಲೇ ಹೋಗುತ್ತದೆ. ಜಾತಿ, ಆಧಾರ್ ಎಲ್ಲ ಕೇಳುತ್ತೀರಿ. ಇದೊಂದನ್ನೂ ಕೇಳಿ: ತಲೆಗೆ ಪೆಟ್ಟಾಗಿ ಮಗು ಆಸ್ಪತ್ರೆಯಲ್ಲಿ ಉಳಿದಿತ್ತಾ? ಹೌದು ಅಂದವರ ಮಕ್ಕಳನ್ನು ನಿಮ್ಮ ಬಿಐಇಆರ್‌ಟಿ ಶಿಕ್ಷಕರು (ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವವರು) ಒಂದು, ನಾಲ್ಕು, ಎಂಟನೇ ಕ್ಲಾಸಿನಲ್ಲಿ ಒಮ್ಮೊಮ್ಮೆ ನೋಡಲಿ. ಆ ಉತ್ತರ ಅವರಿಗೆ ಮತ್ತು ಹೆಡ್‌ಮಾಸ್ಟರಿಗೆ ಮಾತ್ರ ಕಾಣಲಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಯಾಕೆಂದರೆ ಮಗನನ್ನು ಶಾಲೆಗೆ ಸೇರಿಸುವಾಗ ಆ ಪ್ರಶ್ನೆ ಅರ್ಜಿಯಲ್ಲಿ ಇದ್ದಿದ್ದರೂ ನಾನು ಇಲ್ಲ ಅಂತಲೇ ಬರೆಯುತ್ತಿದ್ದೆನೇನೋ. "ಹೇಳ್ಬೇಡಮ್ಮ, ಮೆಂಟಲ್ ಅಂತ ಹೆಸರಿಡ್ತಾರೆ" ಅಂದಿದ್ದರು ಮಾವ.

ಈ ವರ್ಷದ ಕ್ಲಾಸ್ ಟೀಚರ್‌ಗೆ ಎಲ್ಲ ಹೇಳಿದೆ. ಮೊದಲ ಬೆಂಚು. ಒಂದು ಸಲಕ್ಕೆ ಒಂದೇ ಕೆಲಸ. ಪಕ್ಕದವನ ನೋಟ್ಸ್ ಜೆರಾಕ್ಸ್. ಊಟದ ಮೇಲೆ ಹತ್ತು ನಿಮಿಷ ಬಿಡುವು, ಟೆಸ್ಟಿಗೆ ಕಾಲು ಗಂಟೆ ಜಾಸ್ತಿ. ಖರ್ಚು ಅಂದರೆ ಜೆರಾಕ್ಸಿನದು, ಅದೂ ನನ್ನದೇ. ಗಣಿತದಲ್ಲಿ ಈಗಲೂ ಒದ್ದಾಡುತ್ತಾನೆ, ಸುಳ್ಳು ಯಾಕೆ ಹೇಳಲಿ. ಆದರೆ ಸೋಮಾರಿ ಅನ್ನುವ ಪದ ಡೈರಿಯಲ್ಲಿ ಮತ್ತೆ ಬಂದಿಲ್ಲ.

ನಿಮ್ಮ ಇಲಾಖೆಗೆ ಸೇರದ ಒಂದು ಮಾತು. ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಬೈಕಿನಲ್ಲಿ ಹೆಲ್ಮೆಟ್ ಬೇಕು ಅನ್ನುವ ಕೇಂದ್ರದ ನಿಯಮ 2023ರಿಂದಲೇ ಇದೆ. ಬೆಳಿಗ್ಗೆ ಯಾವುದಾದರೂ ಶಾಲೆಯ ಗೇಟಿನ ಮುಂದೆ ಐದು ನಿಮಿಷ ನಿಂತು ನೋಡಿ. ಅಪ್ಪನ ತಲೆಯ ಮೇಲೆ ಇರುತ್ತದೆ, ಮುಂದೆ ನಿಂತ ಮಗುವಿನ ತಲೆಯ ಮೇಲೆ ಇರುವುದಿಲ್ಲ.

ಬರುವ ಜೂನ್‌ಗೆ ನಾವು ಮನೆ ಬದಲಾಯಿಸುತ್ತಿದ್ದೇವೆ. ಮಗನಿಗೆ ಹೊಸ ಶಾಲೆ. ಡಿಸ್ಚಾರ್ಜ್ ಹಾಳೆಯ ಮೂರು ಪ್ರತಿ ತೆಗೆಸಿಟ್ಟಿದ್ದೇನೆ. ಅಷ್ಟರಲ್ಲಿ ಅರ್ಜಿಯಲ್ಲಿ ಜಾಗ ಆಗಿರದಿದ್ದರೆ, ಟಿಸಿಯ ಹಿಂದೆ ಪಿನ್ ಹೊಡೆದು ಕೊಡುತ್ತೇನೆ.

ಇತಿ,
ಲಗ್ಗೆರೆಯ ಒಬ್ಬ ತಾಯಿ